ಬಾಡಿಗೆ ತಾಯ್ತನ: ಮೊದಲ ಮಾತಿನಿಂದ ಮಗು ಮಡಿಲಿಗೆ ಬರುವವರೆಗೆ

ಬಾಡಿಗೆ ತಾಯಿಯ ಮೂಲಕ ಮಗು ಪಡೆಯಬೇಕು ಅಂದುಕೊಂಡವರು ಸಾಮಾನ್ಯವಾಗಿ ನೇರವಾಗಿ ಐವಿಎಫ್ (ಅಂಡಾಣು, ವೀರ್ಯವನ್ನು ಲ್ಯಾಬ್‌ನಲ್ಲಿ ಸೇರಿಸಿ ಭ್ರೂಣ ಮಾಡುವ) ಕ್ಲಿನಿಕ್‌ಗೆ ಹೋಗುತ್ತಾರೆ. ಮೊದಲು ಭ್ರೂಣ ಮಾಡಿಸಿಡೋಣ, ಉಳಿದಿದ್ದು ಆಮೇಲೆ ನೋಡೋಣ ಅನ್ನುವ ಲೆಕ್ಕ. ನಾನು ಹೇಳುವ ಕ್ರಮ ಬೇರೆ. ಮೊದಲು ಕಾನೂನು ನೋಡಿ. ಆಮೇಲೆ ಮಗುವನ್ನು ಹೊರುವ ಹೆಣ್ಣುಮಗಳ ಜೊತೆ ಕೂತು ಮಾತಾಡಿ. ಲ್ಯಾಬ್ ಕೆಲಸ ಅದಾದ ಮೇಲೆ.

ಇದಕ್ಕೆ ಕಾರಣ ಇದೆ. ಅಂಡಾಣು ತೆಗೆಯುವುದು, ಭ್ರೂಣ ಬೆಳೆಸುವುದು, ಗರ್ಭಕೋಶಕ್ಕೆ ಸೇರಿಸುವುದು ಇವೆಲ್ಲ ವೈದ್ಯರಿಗೆ ಕೈಗೆ ಹತ್ತಿದ ಕೆಲಸ. ಬಾಡಿಗೆ ತಾಯ್ತನ ಕೆಡುವುದು ಹೆಚ್ಚಾಗಿ ಅಲ್ಲಲ್ಲ. ಮೊದಲೇ ಆಡಬೇಕಾಗಿದ್ದ ಮಾತುಗಳನ್ನು ಯಾರೂ ಆಡದೆ ಬಿಟ್ಟಾಗ ಕೆಡುತ್ತದೆ. ವಯಸ್ಸು ಮೀರುತ್ತಿದ್ದರೆ, ಅಥವಾ ಕ್ಯಾನ್ಸರ್ ಚಿಕಿತ್ಸೆ ಶುರುವಾಗಲಿದ್ದರೆ ಮಾತ್ರ ಅಂಡಾಣುವನ್ನೋ ಭ್ರೂಣವನ್ನೋ ಮೊದಲು ಫ್ರೀಜ್ ಮಾಡಿಸಿಡುವುದು ಸರಿ. ಉಳಿದವರಿಗೆ ಅಷ್ಟು ಅವಸರ ಬೇಡ.

ಎರಡು ಬಗೆ ಇವೆ, ಒಂದನ್ನು ಬಿಟ್ಟುಬಿಡಿ

ಹಳೆಯ ಬಗೆಯಲ್ಲಿ ಅಂಡಾಣು ಹೊರುವವಳದ್ದೇ. ತಂದೆಯಾಗುವವರ ವೀರ್ಯವನ್ನು ಅವಳ ಗರ್ಭಕೋಶಕ್ಕೆ ಸೇರಿಸುತ್ತಾರೆ. ಹಾಗಾಗಿ ಮಗು ರಕ್ತಸಂಬಂಧದಲ್ಲೂ ಅವಳದ್ದೇ ಆಗುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 1986ರಲ್ಲಿ ಹುಟ್ಟಿದ ‘ಬೇಬಿ ಎಂ’ ಪ್ರಕರಣ ಇದೇ ಬಗೆಯದು. ಹೆತ್ತ ಮೇಲೆ ಆಕೆಗೆ ಮಗುವನ್ನು ಬಿಟ್ಟುಕೊಡಲು ಆಗಲಿಲ್ಲ. 1988ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆ ಒಪ್ಪಂದವೇ ಊರ್ಜಿತ ಅಲ್ಲ ಅಂದಿತು. ಮಗು ತಂದೆಯ ಮನೆಯಲ್ಲಿ ಬೆಳೆಯಲಿ, ಹೆತ್ತವಳಿಗೆ ಭೇಟಿಯ ಹಕ್ಕು ಇರಲಿ ಅಂತ ತೀರ್ಮಾನವಾಯಿತು.

ಹೊಸ ಬಗೆಯಲ್ಲಿ ಭ್ರೂಣ ಲ್ಯಾಬ್‌ನಲ್ಲಿ ತಯಾರಾಗುತ್ತದೆ. ಅಂಡಾಣು ತಾಯಿಯಾಗುವವರದ್ದು ಅಥವಾ ದಾನಿಯದ್ದು, ವೀರ್ಯ ತಂದೆಯಾಗುವವರದ್ದು ಅಥವಾ ದಾನಿಯದ್ದು. ಹೊರುವವಳ ಅಂಡಾಣು ಇದರಲ್ಲಿ ಇಲ್ಲ, ಮಗುವಿನ ಡಿಎನ್‌ಎಯಲ್ಲಿ ಅವಳ ಪಾಲೂ ಇಲ್ಲ. ಐವಿಎಫ್‌ನಿಂದ ಮೊದಲ ಮಗು ಹುಟ್ಟಿದ್ದು 1978ರಲ್ಲಿ. ಹೀಗೆ ಬೇರೊಬ್ಬರ ಭ್ರೂಣ ಹೊತ್ತು ಮಗು ಹೆತ್ತ ಮೊದಲ ಘಟನೆ 1986ರಲ್ಲಿ ಅಮೆರಿಕದಲ್ಲಿ ನಡೆಯಿತು. ಈಗ ಬಹುತೇಕ ಎಲ್ಲ ಕಡೆ ನಡೆಯುವುದು ಇದೇ. ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಹೊರುವವಳು ತನ್ನದೇ ಅಂಡಾಣು ಕೊಡುವಂತಿಲ್ಲ. ಕಾನೂನು ಬಿಟ್ಟ ಕಡೆಯೂ ಹಳೆಯ ಬಗೆ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಮುಂದೆ ಬರುವುದೆಲ್ಲ ಹೊಸ ಬಗೆಯ ಬಗ್ಗೆ.

ನಿಜವಾಗಿ ಬೇಕಾಗುವುದು ಯಾರಿಗೆ

ಹುಟ್ಟಿನಿಂದಲೇ ಗರ್ಭಕೋಶ ಇಲ್ಲದವರಿದ್ದಾರೆ. ಸುಮಾರು ನಾಲ್ಕೂವರೆಯಿಂದ ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅವರಿಗೆ ಅಂಡಾಶಯ ಸರಿಯಾಗಿಯೇ ಇರುತ್ತದೆ, ಆದ್ದರಿಂದ ತಮ್ಮದೇ ಅಂಡಾಣುವಿನಿಂದ ಮಗು ಪಡೆಯಬಹುದು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆಯೋ, ಕ್ಯಾನ್ಸರ್‌ನಿಂದಲೋ ಗರ್ಭಕೋಶ ತೆಗೆಸಿಕೊಂಡವರು, ಒಳಪೊರೆ ಪೂರಾ ಅಂಟಿಕೊಂಡು ಹಾಳಾದವರು, ತೀವ್ರ ಹೃದಯ ಕಾಯಿಲೆ ಇದ್ದು ಬಸಿರಾದರೆ ಪ್ರಾಣಕ್ಕೇ ಅಪಾಯ ಇರುವವರು, ಮತ್ತೆ ಮತ್ತೆ ಗರ್ಭಪಾತ ಆಗುವವರು ಕೂಡ ಈ ಗುಂಪಿನವರೇ. ಕಾನೂನು ಬಿಡುವ ದೇಶಗಳಲ್ಲಿ ಒಂಟಿ ಗಂಡಸರು, ಗಂಡು ಜೋಡಿಗಳು ಕೂಡ.

ಐವಿಎಫ್ ಸೋತಿತು ಅನ್ನುವ ಒಂದೇ ಕಾರಣಕ್ಕೆ ಯಾರಾದರೂ ಬಾಡಿಗೆ ತಾಯಿ ನೋಡಿಕೊಳ್ಳಿ ಅಂದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ಭ್ರೂಣ ನಿಲ್ಲದಿರುವುದಕ್ಕೆ ಬಹಳ ಸಲ ಕಾರಣ ಅಂಡಾಣುವಿನ ವಯಸ್ಸು, ಗರ್ಭಕೋಶ ಅಲ್ಲ. ಅಂಥ ಕಡೆ ಗರ್ಭಕೋಶ ಬದಲಾಯಿಸಿದರೆ ಏನೂ ಬದಲಾಗುವುದಿಲ್ಲ.

ಹಂತ 1: ಕಾನೂನು

ಮೂರು ಪ್ರಶ್ನೆ ಇಟ್ಟುಕೊಳ್ಳಿ. ನೀವಿರುವ ದೇಶದಲ್ಲಿ ಇದಕ್ಕೆ ಅವಕಾಶ ಇದೆಯೇ? ಇದ್ದರೆ ನಿಮ್ಮಂಥವರಿಗೆ ಇದೆಯೇ? ಮಗು ಹುಟ್ಟಿದ ಕ್ಷಣದಲ್ಲಿ ಕಾನೂನಿನ ಪ್ರಕಾರ ತಾಯಿ ಯಾರು? ಮೂರನೆಯದನ್ನು ಜನ ಕೇಳುವುದೇ ಇಲ್ಲ, ತೊಂದರೆ ಮಾತ್ರ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ದೇಶದಿಂದ ದೇಶಕ್ಕೆ ವ್ಯತ್ಯಾಸ ಎಷ್ಟಿದೆ ನೋಡಿ. ಫ್ರಾನ್ಸ್, ಜರ್ಮನಿಯಲ್ಲಿ ಬಾಡಿಗೆ ತಾಯ್ತನಕ್ಕೆ ನಿಷೇಧ ಇದೆ. ಇಟಲಿ 2024ರಲ್ಲಿ ಇನ್ನೂ ಮುಂದೆ ಹೋಗಿ, ತನ್ನ ನಾಗರಿಕರು ಬೇರೆ ದೇಶಕ್ಕೆ ಹೋಗಿ ಮಾಡಿಸಿಕೊಂಡರೂ ಅಪರಾಧ ಅಂತ ಕಾನೂನು ತಂದಿತು. ಬ್ರಿಟನ್‌ನಲ್ಲಿ ಅವಕಾಶ ಇದೆ, ಆದರೆ ಒಪ್ಪಂದವನ್ನು ಕೋರ್ಟ್ ಜಾರಿ ಮಾಡಿಸುವುದಿಲ್ಲ. ಹೆತ್ತವಳೇ ಕಾನೂನಿನ ತಾಯಿ. ಮಗು ಹುಟ್ಟಿ ಆರು ವಾರ ಕಳೆಯುವವರೆಗೆ ಆಕೆ ಕೊಡುವ ಒಪ್ಪಿಗೆಗೆ ಬೆಲೆ ಇಲ್ಲ. ನೀವು ಸಾಮಾನ್ಯವಾಗಿ ಆರು ತಿಂಗಳ ಒಳಗೆ ಕೋರ್ಟಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಪೂರಾ ಉಲ್ಟಾ. ಮಗು ಹುಟ್ಟುವ ಮೊದಲೇ ಕೋರ್ಟ್ ಆದೇಶ ಸಿಗುತ್ತದೆ, ಜನನ ಪತ್ರದಲ್ಲಿ ಮೊದಲ ದಿನದಿಂದಲೇ ನಿಮ್ಮ ಹೆಸರು. ಗ್ರೀಸ್‌ನಲ್ಲಿ ಭ್ರೂಣ ಸೇರಿಸುವ ಮೊದಲೇ ಕೋರ್ಟ್ ಅನುಮತಿ ಬೇಕು. ಇಸ್ರೇಲ್‌ನಲ್ಲಿ 1996ರಿಂದ ಪ್ರತಿ ಒಪ್ಪಂದವನ್ನೂ ಸರ್ಕಾರಿ ಸಮಿತಿ ನೋಡಿ ಒಪ್ಪಬೇಕು.

ಭಾರತದ ಕಾಯ್ದೆ 2021ರದ್ದು, ಜಾರಿಗೆ ಬಂದಿದ್ದು 2022ರ ಜನವರಿ 25ರಂದು. ವೈದ್ಯಕೀಯ ಖರ್ಚು, ವಿಮೆ ಮತ್ತು ಅದಕ್ಕೆ ಹೊಂದಿದ ವೆಚ್ಚ ಬಿಟ್ಟು ಹಣ ಕೊಡುವಂತಿಲ್ಲ. ದಂಪತಿಗಳಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಒಂಟಿ ಹೆಣ್ಣು ಅಂದರೆ ವಿಧವೆ ಅಥವಾ ವಿಚ್ಛೇದಿತೆ, 35ರಿಂದ 45 ವರ್ಷ. ಹೊರುವವಳು 25ರಿಂದ 35ರ ಒಳಗಿನವಳು, ಮದುವೆಯಾಗಿ ತನ್ನದೇ ಮಗು ಇರುವವಳು ಆಗಿರಬೇಕು. ಬಾಳಿನಲ್ಲಿ ಒಂದೇ ಸಲ ಹೊರಬಹುದು. ಅವಳಿಗೆ 36 ತಿಂಗಳ ವಿಮೆ ಕಡ್ಡಾಯ. ಭ್ರೂಣ ಸೇರಿಸುವ ಮೊದಲು ಅವಳು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. 2024ರ ಫೆಬ್ರವರಿಯ ತಿದ್ದುಪಡಿಯ ನಂತರ, ವೈದ್ಯಕೀಯ ಕಾರಣ ಇದೆ ಅಂತ ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣ ಕೊಟ್ಟರೆ ದಂಪತಿಗಳು ಅಂಡಾಣು ಅಥವಾ ವೀರ್ಯ ಎರಡರಲ್ಲಿ ಒಂದನ್ನು ದಾನಿಯಿಂದ ಪಡೆಯಬಹುದು. ಗಂಡು ಜೋಡಿ, ಒಂಟಿ ಗಂಡಸು, ಮದುವೆಯಾಗದೆ ಜೊತೆಗಿರುವವರಿಗೆ ಅವಕಾಶ ಇಲ್ಲ.

ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದರೆ ಎರಡೂ ದೇಶದ ಕಾನೂನು ತಿಳಿದ ವಕೀಲರು ಬೇಕೇ ಬೇಕು. 2008ರ ‘ಬೇಬಿ ಮಂಜಿ’ ಪ್ರಕರಣದಲ್ಲಿ ಜಪಾನಿನ ದಂಪತಿ ಮಗು ಹುಟ್ಟುವ ಮೊದಲೇ ಬೇರೆಯಾದರು. ಮಗು ಭಾರತದಲ್ಲಿ ಹುಟ್ಟಿತು, ಆದರೆ ಅದನ್ನು ಯಾವ ದೇಶದ ಪ್ರಜೆ ಅನ್ನಬೇಕೋ ಯಾರಿಗೂ ಗೊತ್ತಾಗಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಉಕ್ರೇನಿನ ಕೀವ್ ನಗರದ ಹೋಟೆಲೊಂದರಲ್ಲಿ ಹತ್ತಾರು ಹಸುಗೂಸುಗಳು ಅಪ್ಪ ಅಮ್ಮ ಬರಲಾಗದೆ ಸಾಲಾಗಿ ತೊಟ್ಟಿಲಲ್ಲಿ ಮಲಗಿದ್ದವು. ಯಾವುದೋ ಏಜೆನ್ಸಿ ‘ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಅಂದರೆ, ಮಗುವಿಗೆ ಪಾಸ್‌ಪೋರ್ಟ್ ಯಾವ ದೇಶದ್ದು, ಎಷ್ಟು ವಾರ ಬೇಕು ಅಂತ ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂಜರಿದರೆ ಎದ್ದು ಬನ್ನಿ.

ಹಂತ 2: ಹೊರುವವಳು ಯಾರು

ವೈದ್ಯಕೀಯವಾಗಿ ಮೊದಲ ಷರತ್ತು, ಆಕೆ ಹಿಂದೆ ಒಂದು ಸಲವಾದರೂ ದಿನ ತುಂಬಿ, ತೊಡಕಿಲ್ಲದೆ ಮಗು ಹೆತ್ತಿರಬೇಕು. ಇದಕ್ಕೆ ಎರಡು ಕಾರಣ. ಅವಳ ದೇಹ ಬಸಿರನ್ನು ತಡೆದುಕೊಳ್ಳುತ್ತದೆ ಅಂತ ಗೊತ್ತಿರುತ್ತದೆ. ಜೊತೆಗೆ ಬಸಿರು ಅಂದರೆ ಏನು, ಮಗುವಿನ ಮೇಲೆ ಎಂಥ ಸೆಳೆತ ಹುಟ್ಟುತ್ತದೆ ಅಂತ ಅವಳಿಗೂ ಗೊತ್ತಿರುತ್ತದೆ. ಗೊತ್ತಿದ್ದು ಒಪ್ಪುವುದೇ ನಿಜವಾದ ಒಪ್ಪಿಗೆ. ಅಮೆರಿಕದ ಸಂತಾನ ವೈದ್ಯರ ಸಂಘದ ಮಾರ್ಗಸೂಚಿಯ ಪ್ರಕಾರ ವಯಸ್ಸು 21ರಿಂದ 45ರ ಒಳಗಿರಬೇಕು, ಒಟ್ಟು ಹೆರಿಗೆ ಐದಕ್ಕಿಂತ, ಸಿಸೇರಿಯನ್ ಮೂರಕ್ಕಿಂತ ಜಾಸ್ತಿ ಆಗಿರಬಾರದು.

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಅವಳಿಗೆ ಮಾತ್ರ ಅಲ್ಲ, ಅಂಡಾಣು ಮತ್ತು ವೀರ್ಯ ಕೊಡುವವರಿಗೂ ಆಗಬೇಕು. ಭ್ರೂಣದಿಂದ ಅವಳಿಗೆ ಸೋಂಕು ತಗಲಬಾರದಲ್ವಾ. ಗರ್ಭಕೋಶದ ಒಳಗೆ ಗಡ್ಡೆ, ಪಾಲಿಪ್, ಹಳೆಯ ಸಿಸೇರಿಯನ್ ಗಾಯದ ತೆಳುಭಾಗ ಇದೆಯೇ ಅಂತಲೂ ನೋಡುತ್ತಾರೆ. ರಕ್ತದ ಗುಂಪು ಬರೆದಿಟ್ಟುಕೊಳ್ಳಿ. ಅವಳು ಆರ್‌ಎಚ್ ನೆಗೆಟಿವ್ ಆಗಿದ್ದರೆ ಸಾಮಾನ್ಯ ಬಸಿರಿನಂತೆ ಗಂಡನ ಗುಂಪು ನೋಡಿದರೆ ಸಾಲದು. ಇಲ್ಲಿ ಅಂಡಾಣು ಕೊಟ್ಟವರೋ ವೀರ್ಯ ಕೊಟ್ಟವರೋ ಯಾರಾದರೊಬ್ಬರು ಪಾಸಿಟಿವ್ ಆಗಿದ್ದರೂ ಮಗು ಪಾಸಿಟಿವ್ ಆಗಬಹುದು. ಆಗ 28ನೇ ವಾರಕ್ಕೂ, ಮಗು ಪಾಸಿಟಿವ್ ಅಂತ ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೂ ಆ್ಯಂಟಿ-ಡಿ ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಅವಳ ದೇಹ ಮಗುವಿನ ರಕ್ತದ ವಿರುದ್ಧ ತಿರುಗಬಹುದು.

ಮನಸ್ಸಿನ ವಿಷಯಕ್ಕೆ ಆಪ್ತಸಮಾಲೋಚಕರ ಭೇಟಿಯನ್ನು ಬರೀ ಸಹಿ ಹಾಕಿಸುವ ಶಾಸ್ತ್ರ ಮಾಡಬೇಡಿ. ಅವಳನ್ನು ಒಬ್ಬಳನ್ನೇ ಮಾತಾಡಿಸಬೇಕು, ಗಂಡ, ಅತ್ತೆ, ಏಜೆಂಟ್ ಯಾರೂ ಹತ್ತಿರ ಇರಬಾರದು. ಸಂಬಂಧಿಕರೇ ಹೊರುತ್ತಿದ್ದರೆ ಇದು ಇನ್ನೂ ಮುಖ್ಯ. ಮನೆಯವರ ಮುಂದೆ ‘ಇಲ್ಲ’ ಅನ್ನುವುದು ತುಂಬ ಕಷ್ಟ. ಅಕ್ಕನಿಗೆ ಮಗು ಇಲ್ಲ, ತಂಗಿ ಆರೋಗ್ಯವಾಗಿದ್ದಾಳೆ ಅಂದಾಗ ತಂಗಿಯನ್ನು ಯಾರೂ ಕೇಳಿಯೇ ಇರುವುದಿಲ್ಲ, ಎಲ್ಲರೂ ತೀರ್ಮಾನ ಮಾಡಿ ಮುಗಿಸಿರುತ್ತಾರೆ. ನೀವೇ ಮುಂದಾಗಿ, ಬೇಡ ಅಂದರೂ ನಮ್ಮ ಸಂಬಂಧ ಹಾಗೇ ಇರುತ್ತದೆ ಅಂತ ಅವಳಿಗೆ ಬಾಯಿಬಿಟ್ಟು ಹೇಳಿ. ಸಾಲದ ಒತ್ತಡದಲ್ಲಿ ಬಂದವಳಾದರೆ ಮುಂದೆ ಹೋಗಬೇಡಿ. ಆ ಒಪ್ಪಿಗೆ ಅವಳದ್ದಲ್ಲ, ಸಾಲ ಕೊಟ್ಟವನದ್ದು.

ಹಂತ 3: ಕಷ್ಟದ ಮಾತುಗಳು, ಆಮೇಲೆ ಒಪ್ಪಂದ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು.

ಎಲ್ಲದಕ್ಕೂ ತಳಹದಿ ಒಂದೇ: ಹುಟ್ಟುವ ಮಗು ನಿಮ್ಮದು, ಹೊರುವ ದೇಹ ಅವಳದ್ದು. ಅವಳ ದೇಹಕ್ಕೆ ಏನಾಗಬೇಕು ಅನ್ನುವ ಕೊನೆಯ ಮಾತು ಅವಳದ್ದೇ. ಇದನ್ನು ಒಪ್ಪಲು ಮನಸ್ಸು ಬರದಿದ್ದರೆ ಈ ದಾರಿ ನಿಮಗಲ್ಲ, ಇದನ್ನು ನಾನು ಮೃದು ಮಾಡಿ ಹೇಳಲಾರೆ.

ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಇಪ್ಪತ್ತನೇ ವಾರದ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯದಲ್ಲಿ ದೊಡ್ಡ ದೋಷ ಕಾಣುತ್ತದೆ. ನಿಮಗೆ ಬಸಿರು ಮುಂದುವರಿಸುವುದು ಬೇಡ ಅನ್ನಿಸುತ್ತದೆ. ಅವಳಿಗೆ ಅದು ತನ್ನ ಕೈಯಿಂದ ಆಗದ ಕೆಲಸ. ಅಥವಾ ತಿರುಗುಮುರುಗು: ನಿಮಗೆ ಮಗು ಬೇಕು, ಆದರೆ ಅವಳ ರಕ್ತದೊತ್ತಡ ಏರುತ್ತಾ ಇದೆ, ಅವಳಿಗೆ ಭಯ. ಯಾವುದೇ ಕಾಗದ ಅವಳನ್ನು ಗರ್ಭಪಾತಕ್ಕೆ ಒತ್ತಾಯ ಮಾಡಬಾರದು, ತಡೆಯಲೂಬಾರದು. ಹಾಗಾಗಿ ಇದಕ್ಕೆ ಕರಾರಿನಲ್ಲಿ ಪರಿಹಾರ ಹುಡುಕಬೇಡಿ, ಆಯ್ಕೆಯಲ್ಲಿ ಹುಡುಕಿ. ಇಬ್ಬರ ಅಭಿಪ್ರಾಯವೂ ಹತ್ತಿರ ಇದ್ದರೆ ಮಾತ್ರ ಜೊತೆಯಾಗಿ ಮುಂದೆ ಹೋಗಿ. ಮೊದಲ ದಿನ ಇಬ್ಬರೂ ನಗುತ್ತಾ ‘ಹಾಗೆಲ್ಲ ಆಗಲ್ಲ ಬಿಡಿ’ ಅಂದುಕೊಂಡು ದಾಟಿಬಿಡುವ ಪ್ರಶ್ನೆ ಇದು. ಅವತ್ತೇ ಉತ್ತರ ಬರಲಿ.

ಇನ್ನೂ ಮಾತಾಡಿಕೊಳ್ಳಬೇಕಾದ್ದು ತುಂಬ ಇದೆ. ಎಷ್ಟು ಭ್ರೂಣ ಸೇರಿಸುವುದು? ಒಂದೇ ಅನ್ನಿ. ಒಂದೇ ಬಸಿರಿನಲ್ಲಿ ಎರಡು ಮಕ್ಕಳು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ಅವಳಿ ಬಸಿರಿನಲ್ಲಿ ದಿನ ತುಂಬದ ಹೆರಿಗೆ, ರಕ್ತದೊತ್ತಡ, ರಕ್ತಸ್ರಾವ ಎಲ್ಲದರ ಅಪಾಯವೂ ಜಾಸ್ತಿ, ಅದನ್ನು ಹೊರುವವಳು ಅವಳು. ಸ್ಕ್ಯಾನ್‌ಗೆ ನೀವು ಬರಬಹುದೇ? ದಿನಾ ಫೋನ್ ಮಾಡುವುದು ಅವಳಿಗೆ ಇಷ್ಟವೇ, ಕಿರಿಕಿರಿಯೇ? ಹೆರಿಗೆ ಕೋಣೆಯಲ್ಲಿ ಯಾರಿರಬೇಕು? ಹುಟ್ಟಿದ ಮಗುವನ್ನು ಅವಳು ಎತ್ತಿಕೊಳ್ಳಲು ಬಯಸಿದರೆ? ಅವಳ ಮಕ್ಕಳಿಗೆ ಏನಂತ ಹೇಳುವುದು? ಅಮ್ಮನ ಹೊಟ್ಟೆ ದೊಡ್ಡದಾಗಿ ಮಗು ಮನೆಗೆ ಬರದಿದ್ದರೆ ಚಿಕ್ಕ ಮಕ್ಕಳಿಗೆ ಗಾಬರಿಯಾಗುತ್ತದೆ. ‘ಈ ಪಾಪು ಅವರದ್ದು, ಅವರ ಹೊಟ್ಟೆಯಲ್ಲಿ ಬೆಳೆಯಲು ಆಗಲ್ಲ ಅಂತ ನಾವು ಸಹಾಯ ಮಾಡ್ತಿದ್ದೀವಿ’ ಅಂತ ಮೊದಲೇ ಹೇಳಿದ್ದರೆ ಮಕ್ಕಳು ಸಲೀಸಾಗಿ ಒಪ್ಪುತ್ತಾರೆ.

ಇಷ್ಟಾದ ಮೇಲೆ ಬರವಣಿಗೆ. ಅವಳಿಗೆ ಬೇರೆ ವಕೀಲರು ಇರಲಿ. ಖರ್ಚು ನೀವು ಕೊಡಿ, ಆದರೆ ವಕೀಲರು ಅವಳ ಪರವಾಗಿರಲಿ. ಒಪ್ಪಂದ ಅವಳು ಓದಬಲ್ಲ ಭಾಷೆಯಲ್ಲಿರಲಿ. ಓದಲು ಬರದಿದ್ದರೆ ಏಜೆಂಟ್ ಅಲ್ಲದ ಒಬ್ಬರು ಪೂರಾ ಓದಿ ಹೇಳಲಿ. ನೀವಿಬ್ಬರು ಬೇರೆಯಾದರೆ, ಒಬ್ಬರು ತೀರಿಕೊಂಡರೆ, ಇಬ್ಬರೂ ತೀರಿಕೊಂಡರೆ ಮಗು ಯಾರಿಗೆ ಅಂತ ಹೆಸರು ಬರೆಯಿರಿ. ಮಗುವಿಗೆ ಅಂಗವೈಕಲ್ಯ ಇದ್ದರೂ, ಹೆಣ್ಣೋ ಗಂಡೋ ಏನಾದರೂ, ನಿಮ್ಮದೇ ಅನ್ನುವುದು ಸ್ಪಷ್ಟವಾಗಿರಲಿ. ಅವಳಿಗೆ ಆರೋಗ್ಯ ವಿಮೆ, ಜೀವ ವಿಮೆ ಎರಡೂ ಬೇಕು, ಹೆರಿಗೆಯಾದ ತಿಂಗಳುಗಳಿಗೂ ಸೇರಿ. ಹಣ ಕೊಡಲು ಕಾನೂನು ಬಿಡುವ ಕಡೆ ಆ ಹಣ ಮೂರನೆಯವರ ಖಾತೆಯಲ್ಲಿರಲಿ, ತಿಂಗಳು ತಿಂಗಳು ಅವಳಿಗೆ ಸೇರಲಿ. ‘ಮಗು ಜೀವಂತವಾಗಿ ಕೈಗೆ ಬಂದರೆ ಮಾತ್ರ ಪೂರಾ ಹಣ’ ಅನ್ನುವ ಷರತ್ತು ಅನ್ಯಾಯ. ಗರ್ಭಪಾತವಾದರೆ ಅವಳು ದುಡಿದಿದ್ದು, ನೊಂದಿದ್ದು ಸುಳ್ಳಾಗುತ್ತದೆಯೇ?

ಹಂತ 4: ಭ್ರೂಣ ತಯಾರಿ

ಅಂಡಾಣು ಕೊಡುವವರು ಸುಮಾರು 10ರಿಂದ 12 ದಿನ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಬಲಿಯುತ್ತದೆ, ಇಲ್ಲಿ ಹಲವು ಒಟ್ಟಿಗೆ ಬಲಿಯಲಿ ಅಂತ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಇರುತ್ತದೆ. ಕೊನೆಯ ಇಂಜೆಕ್ಷನ್ ಗಡಿಯಾರ ನೋಡಿ ಕೊಡುವಂಥದ್ದು, ಅದಾಗಿ 34ರಿಂದ 36 ಗಂಟೆಗೆ ಅಂಡಾಣು ತೆಗೆಯುತ್ತಾರೆ. ಅರವಳಿಕೆ ಕೊಟ್ಟು, ಸ್ಕ್ಯಾನ್ ನೋಡುತ್ತಾ, ಯೋನಿಯ ಮೂಲಕ ತೆಳ್ಳನೆಯ ಸೂಜಿಯಿಂದ ತೆಗೆಯುವ ಅರ್ಧ ಗಂಟೆಯ ಕೆಲಸ. ಹೊಟ್ಟೆ ಉಬ್ಬರ ಕೆಲವು ದಿನ ಇರುತ್ತದೆ. ಹೊಟ್ಟೆ ಬಿಗಿದು ಉಸಿರಾಡಲು ಕಷ್ಟವಾದರೆ, ಮೂತ್ರ ಕಮ್ಮಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅದೇ ದಿನ ವೀರ್ಯಾಣು ಜೊತೆ ಸೇರಿಸುತ್ತಾರೆ. ಮರುದಿನ ಎಷ್ಟು ಫಲಿತವಾದವು ಗೊತ್ತಾಗುತ್ತದೆ. ಐದು ಆರನೇ ದಿನಕ್ಕೆ ಉಳಿದವು ಬ್ಲಾಸ್ಟೊಸಿಸ್ಟ್ ಅನ್ನುವ ಹಂತಕ್ಕೆ ಬರುತ್ತವೆ. ಪ್ರತಿ ಹಂತದಲ್ಲೂ ಸಂಖ್ಯೆ ಇಳಿಯುತ್ತದೆ. ಹನ್ನೆರಡು ಅಂಡಾಣು ಸಿಕ್ಕಿತು ಅಂತ ಹಿಗ್ಗಿದವರಿಗೆ ಕೊನೆಗೆ ಮೂರ್ನಾಲ್ಕು ಭ್ರೂಣ ಉಳಿಯುವುದು ಮಾಮೂಲಿ. ಅದು ಯಾರ ತಪ್ಪೂ ಅಲ್ಲ. ಭ್ರೂಣಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ, ವರ್ಷಗಟ್ಟಲೆ ಕೆಡುವುದಿಲ್ಲ. ಕ್ರೋಮೋಸೋಮ್ ಪರೀಕ್ಷೆ ಮಾಡಿಸುವ ಆಯ್ಕೆ ಇದೆ, ಆದರೆ ಅದು ಆರೋಗ್ಯವಂತ ಮಗುವಿನ ಖಾತ್ರಿ ಅಲ್ಲ. ಥಲಸ್ಸೀಮಿಯಾದಂಥ ಕಾಯಿಲೆ ವಂಶದಲ್ಲಿದ್ದರೆ ಅದಕ್ಕೆ ಬೇರೆಯೇ ಪರೀಕ್ಷೆ ಬೇಕು, ಮೊದಲೇ ಹೇಳಿ.

ಹಂತ 5: ಗರ್ಭಕೋಶಕ್ಕೆ ಸೇರಿಸುವುದು

ಅವಳ ಗರ್ಭಕೋಶದ ಒಳಪೊರೆ ದಪ್ಪಗಾಗಲು ಸಾಮಾನ್ಯವಾಗಿ ಎರಡು ವಾರ ಈಸ್ಟ್ರೋಜನ್ ಹಾರ್ಮೋನ್ ಕೊಡುತ್ತಾರೆ. ಪೊರೆ ಏಳು ಮಿಲಿಮೀಟರ್ ದಾಟಿ, ಸ್ಕ್ಯಾನ್‌ನಲ್ಲಿ ಮೂರು ಗೆರೆಯಾಗಿ ಕಂಡರೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಶುರು. ಅದಾಗಿ ಸುಮಾರು ಐದು ದಿನಕ್ಕೆ ಐದು ದಿನದ ಭ್ರೂಣ ಸೇರಿಸುತ್ತಾರೆ. ಮುಟ್ಟು ಸರಿಯಾಗಿ ಬರುವವಳಾದರೆ ಅವಳ ಸಹಜ ಋತುಚಕ್ರದಲ್ಲೇ ಮಾಡಲು ಸಾಧ್ಯವೇ ಅಂತ ಕೇಳಿ. ಪೂರಾ ಮಾತ್ರೆಯ ಮೇಲೆ ನಡೆಸಿದ ಬಸಿರಿನಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚು ಕಾಣಿಸುತ್ತದೆ. ಕ್ಲಿನಿಕ್‌ಗಳು ತಾರೀಕು ಹೊಂದಿಸಲು ಸುಲಭ ಅಂತ ಮಾತ್ರೆಯ ದಾರಿಯನ್ನೇ ಹೇಳುತ್ತವೆ, ಆದ್ದರಿಂದ ನೀವಾಗೇ ಕೇಳಬೇಕು.

ಸೇರಿಸುವ ಕೆಲಸಕ್ಕೆ ಅರವಳಿಕೆ ಬೇಡ. ಅವಳು ಮೂತ್ರ ತುಂಬಿಕೊಂಡು ಮಲಗಿರುತ್ತಾಳೆ, ಹಾಗಿದ್ದರೆ ಸ್ಕ್ಯಾನ್‌ನಲ್ಲಿ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ಲ್ಯಾಬ್‌ನವರು ಹೆಸರು ಓದಿ ಹೇಳುತ್ತಾರೆ, ಎಲ್ಲರೂ ಹೌದು ಅನ್ನಬೇಕು. ಮೆತ್ತನೆಯ ಸಣ್ಣ ನಳಿಕೆ ಒಳಗೆ ಹೋಗುತ್ತದೆ. ಪರದೆಯ ಮೇಲೆ ಬೂದು ಬಣ್ಣದ ನಡುವೆ ಬೆಳ್ಳಗೆ ಒಂದು ಚುಕ್ಕೆ ಮಿಂಚಿ ನಿಲ್ಲುತ್ತದೆ. ಅದು ಭ್ರೂಣದ ಜೊತೆ ಬಂದ ಗಾಳಿಯ ಗುಳ್ಳೆ, ಭ್ರೂಣ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಲ್ಯಾಬ್‌ನವರು ನಳಿಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಭ್ರೂಣ ಅದರಲ್ಲೇ ಉಳಿದಿಲ್ಲ ಅಂತ ಹೇಳುತ್ತಾರೆ. ಐದು ಹತ್ತು ನಿಮಿಷದಲ್ಲಿ ಮುಗಿಯಿತು. ದಿನಗಟ್ಟಲೆ ಹಾಸಿಗೆಯಲ್ಲಿ ಮಲಗಿರಬೇಕಾಗಿಲ್ಲ. ಮಲಗಿದರೆ ಹೆಚ್ಚು ನಿಲ್ಲುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮನೆಯಲ್ಲೇ ಇರು, ನಡೆಯಬೇಡ ಅಂತ ಅವಳನ್ನು ಕಾವಲು ಕಾಯಬೇಡಿ.

ಒಂಬತ್ತರಿಂದ ಹದಿನಾಲ್ಕು ದಿನದ ನಡುವೆ ರಕ್ತ ಪರೀಕ್ಷೆ. ಎರಡು ದಿನ ಬಿಟ್ಟು ಮತ್ತೆ ಮಾಡಿದಾಗ ಬಸಿರಿನ ಹಾರ್ಮೋನ್ ದುಪ್ಪಟ್ಟಿನ ಹತ್ತಿರ ಏರಿದ್ದರೆ ಒಳ್ಳೆಯದು. ಆರು ಏಳನೇ ವಾರದಲ್ಲಿ ಹೃದಯ ಬಡಿತ ಕಾಣುತ್ತದೆ. ಹೆರಿಗೆ ತಾರೀಕನ್ನು ನೀವೇ ಲೆಕ್ಕ ಹಾಕಬಹುದು: ಐದು ದಿನದ ಭ್ರೂಣ ಸೇರಿಸಿದ ದಿನಕ್ಕೆ 261 ದಿನ ಕೂಡಿಸಿ.

ಒಳ್ಳೆಯ ಭ್ರೂಣವೂ ಪ್ರತಿ ಸಲ ನಿಲ್ಲುವುದಿಲ್ಲ. ನಿಲ್ಲದ ದಿನ ಫೋನ್ ಮಾಡಿ ಅಳುವ ಹಕ್ಕು ನಿಮಗಿದೆ. ಆದರೆ ಮೊದಲು ‘ನಿನ್ನ ತಪ್ಪಲ್ಲ’ ಅಂತ ಅವಳಿಗೆ ಹೇಳಿ. ತನ್ನಿಂದಲೇ ಹೀಗಾಯಿತು ಅಂತ ಅವಳು ಒಳಗೊಳಗೇ ಕೊರಗುತ್ತಿರಬಹುದು.

ಹಂತ 6: ಬಸಿರಿನ ತಿಂಗಳುಗಳು

ಹತ್ತು ಹನ್ನೆರಡನೇ ವಾರದ ಹೊತ್ತಿಗೆ ಮಾಸು, ಅಂದರೆ ಪ್ಲಾಸೆಂಟಾ, ತಾನೇ ಹಾರ್ಮೋನ್ ತಯಾರಿಸುತ್ತದೆ. ಪ್ರೊಜೆಸ್ಟರಾನ್ ನಿಲ್ಲುತ್ತದೆ. ಅಲ್ಲಿಂದ ಮುಂದೆ ಇದು ಎಲ್ಲರ ಬಸಿರಿನ ಹಾಗೆ.

ಆದರೆ ಪೂರಾ ಹಾಗೇ ಅಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2012ರಿಂದ 2021ರವರೆಗಿನ, ಒಂದೇ ಮಗುವಿನ ಹೆರಿಗೆಗಳನ್ನು ನೋಡಿದ ದೊಡ್ಡ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ತಾಯಿಗೆ ತೀವ್ರ ತೊಂದರೆಯಾಗಿದ್ದು ಸಹಜ ಬಸಿರಿನಲ್ಲಿ ನೂರಕ್ಕೆ 2.3, ಐವಿಎಫ್‌ನಲ್ಲಿ 4.3, ಬಾಡಿಗೆ ತಾಯಂದಿರಲ್ಲಿ 7.8. ತೊಂದರೆ ಅಂದರೆ ಹೆಚ್ಚಾಗಿ ಹೆರಿಗೆಯ ನಂತರದ ಭಾರೀ ರಕ್ತಸ್ರಾವ, ತೀವ್ರ ರಕ್ತದೊತ್ತಡ, ಸೋಂಕು. ಈ ಅಂಕಿಯನ್ನು ಅವಳಿಗೆ ಒಪ್ಪುವ ಮೊದಲೇ ಹೇಳಬೇಕು, ಮುಚ್ಚಿಡುವುದು ಮೋಸ. ಹೆರಿಗೆಯೂ ರಕ್ತನಿಧಿ ಇರುವ, ತುರ್ತು ಚಿಕಿತ್ಸೆ ಸಿಗುವ ಆಸ್ಪತ್ರೆಯಲ್ಲೇ ಆಗಬೇಕು. ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆ ಕೆಳಗೆ ನೋವು, ಮುಖ ಊದುವುದು ಕಂಡರೆ ಮರುದಿನಕ್ಕೆ ಕಾಯಬಾರದು.

ನೀವು ದೂರದಲ್ಲಿದ್ದರೆ ನಿಮ್ಮ ದನಿ ರೆಕಾರ್ಡ್ ಮಾಡಿ ಕಳಿಸಬಹುದು. ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಹೊರಗಿನ ಸದ್ದು ಕೇಳಿಸುತ್ತದೆ. ಅವಳಿಗೆ ಇಷ್ಟವಿದ್ದರೆ ಮಾತ್ರ, ಇದನ್ನು ದಿನದ ಕೆಲಸ ಅಂತ ಹೇರಬೇಡಿ.

ನಿಮ್ಮ ಕಡೆಯ ತಯಾರಿಯೂ ಇದೆ. ಎದೆಹಾಲು ಕೊಡುವ ಆಸೆಯಿದ್ದರೆ, ಹೆರದ ತಾಯಿಗೂ ಹಾಲು ಬರಿಸಲು ಸಾಧ್ಯ. ಹಾರ್ಮೋನು, ಔಷಧ, ಎರಡು ಮೂರು ಗಂಟೆಗೊಮ್ಮೆ ಪಂಪ್ ಹೀಗೆ ವಾರಗಳ ಮೊದಲೇ ಶುರು ಮಾಡಬೇಕು. ಪೂರಾ ಹಾಲು ಎಲ್ಲರಿಗೂ ಬರುವುದಿಲ್ಲ, ಸ್ವಲ್ಪ ಬಂದರೂ ಉಳಿದದ್ದನ್ನು ಬೇರೆ ಹಾಲಿನಿಂದ ತುಂಬಿಸಬಹುದು. ಔಷಧವನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಹಂತ 7: ಹೆರಿಗೆ ಮತ್ತು ಕಾಗದ

ಮೂವತ್ತನೇ ವಾರದ ಹೊತ್ತಿಗೆ ಆಸ್ಪತ್ರೆಗೆ ಪತ್ರ ಕೊಟ್ಟಿರಿ. ಕೋರ್ಟ್ ಆದೇಶ, ಒಪ್ಪಂದ, ಮಗುವಿನ ಕೈಪಟ್ಟಿಯಲ್ಲಿ ಯಾರ ಹೆಸರು, ಮಗುವಿನ ಚಿಕಿತ್ಸೆಗೆ ಸಹಿ ಯಾರದ್ದು, ಕೋಣೆ ಯಾರಿಗೆ, ಎಲ್ಲ ಬರೆದಿರಲಿ. ರಾತ್ರಿ ಪಾಳಿಯ ನರ್ಸ್‌ಗೆ ಏನೂ ಗೊತ್ತಿಲ್ಲದೆ ಅವಳ ಹತ್ತಿರ ಮಗು ತಂದು ‘ಹಾಲು ಕೊಡಿ’ ಅಂದರೆ ಅವಳಿಗೂ ನಿಮಗೂ ಸಂಕಟ. ಸಿಸೇರಿಯನ್ ಬೇಕೇ ಬೇಡವೇ ಅನ್ನುವುದು ಅವಳು ಮತ್ತು ಅವಳ ವೈದ್ಯರು ತೀರ್ಮಾನಿಸುವುದು. ಮುಹೂರ್ತ ನೋಡಿ ತಾರೀಕು ಕೊಡಬೇಡಿ.

ಮಗು ಹುಟ್ಟಿದ ಕೂಡಲೇ ನಿಮ್ಮ ಎದೆಯ ಮೇಲೆ, ಮೈಗೆ ಮೈ ತಾಗಿಸಿ ಮಲಗಿಸಿಕೊಳ್ಳಿ. ಅಪ್ಪನಾದರೂ ಸರಿ. ಮಗುವಿನ ಮೈ ಬೆಚ್ಚಗಿರಲು, ಉಸಿರಾಟ ಸ್ಥಿರವಾಗಲು ಅದು ನೆರವಾಗುತ್ತದೆ.

ಆಮೇಲೆ ಅವಳು

ಮಗು ಸಿಕ್ಕ ಖುಷಿಯಲ್ಲಿ ಎಲ್ಲರ ಕಣ್ಣೂ ತೊಟ್ಟಿಲ ಕಡೆ. ಪಕ್ಕದ ಕೋಣೆಯಲ್ಲಿ ಒಬ್ಬಳು ಬಾಣಂತಿ ಇದ್ದಾಳೆ. ಎರಡು ಮೂರನೇ ದಿನಕ್ಕೆ ಅವಳ ಎದೆಗೆ ಹಾಲು ಬರುತ್ತದೆ. ಮಗು ತನ್ನ ಹತ್ತಿರ ಇಲ್ಲ ಅಂತ ದೇಹಕ್ಕೆ ಗೊತ್ತಿಲ್ಲ. ಎದೆ ಕಲ್ಲಿನ ಹಾಗೆ ಬಿಗಿಯುತ್ತದೆ, ಬಟ್ಟೆ ನೆನೆಯುತ್ತದೆ, ಸೋಂಕಾದರೆ ಜ್ವರವೂ ಬರುತ್ತದೆ. ಮೈಗೆ ಒಪ್ಪುವ ಬ್ರಾ, ತಣ್ಣನೆಯ ಬಟ್ಟೆ, ನೋವಿನ ಮಾತ್ರೆ ಬೇಕು. ಹಾಲು ನಿಲ್ಲಿಸುವ ಮಾತ್ರೆ ಕೂಡ ಇದೆ, ಹೆರಿಗೆಗೆ ಮೊದಲೇ ವೈದ್ಯರ ಹತ್ತಿರ ಮಾತಾಡಿಡಿ. ಅವಳು ಇಷ್ಟಪಟ್ಟು ಹಾಲು ಹಿಂಡಿ ಕೊಡುವುದಾದರೆ ಮಗುವಿಗೆ ಒಳ್ಳೆಯದೇ. ಕೇಳಿ, ಒತ್ತಾಯ ಬೇಡ.

ಹೊಲಿಗೆ ಮಾಯಲು ವಾರಗಳು ಬೇಕು. ಕೆಲವರಿಗೆ ಮೊದಲ ವಾರಗಳಲ್ಲಿ ದುಃಖ ಕಾಡುತ್ತದೆ, ಸಾಮಾನ್ಯವಾಗಿ ಅದು ಇಳಿಯುತ್ತದೆ. ಎರಡು ವಾರ ಮೀರಿಯೂ ನಿದ್ದೆ ಇಲ್ಲ, ಊಟ ಸೇರಲ್ಲ, ಏನೂ ಬೇಡ ಅನ್ನಿಸಿದರೆ ವೈದ್ಯರ ನೆರವು ಬೇಕು. ಆ ಖರ್ಚು ಒಪ್ಪಂದದಲ್ಲೇ ಇರಲಿ. ಹೆರಿಗೆಯಾದ ಮೇಲೆ ನಿಮ್ಮ ಫೋನ್ ಥಟ್ಟನೆ ನಿಂತುಹೋಗುವುದೇ ಬಹಳ ಜನ ಬಾಡಿಗೆ ತಾಯಂದಿರಿಗೆ ಜಾಸ್ತಿ ನೋವು ಕೊಡುವುದು. ಮಗುವಿನ ಫೋಟೊ ಕಳಿಸುತ್ತೇವೆ ಅಂದಿದ್ದರೆ ಕಳಿಸಿ.

ಮಗುವಿಗೆ ಹೇಳುವುದು

ಹೇಳಬೇಕೇ? ಹೇಳಬೇಕು, ಅದೂ ಬೇಗ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬೊಕ್ ಅವರ ತಂಡ ಬಾಡಿಗೆ ತಾಯ್ತನ, ದಾನಿ ಅಂಡಾಣು, ದಾನಿ ವೀರ್ಯದಿಂದ ಹುಟ್ಟಿದ ಮಕ್ಕಳನ್ನು ಹಸುಗೂಸಿನಿಂದ ಇಪ್ಪತ್ತು ವರ್ಷದವರೆಗೆ ಗಮನಿಸಿತು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಈ ಮಕ್ಕಳ ಮನಸ್ಸಿನ ಆರೋಗ್ಯ ಬೇರೆ ಮಕ್ಕಳಷ್ಟೇ ಚೆನ್ನಾಗಿತ್ತು. ಏಳು ವರ್ಷದೊಳಗೆ ವಿಷಯ ತಿಳಿದ ಮನೆಗಳಲ್ಲಿ ತಾಯಿ ಮಕ್ಕಳ ಸಂಬಂಧ ಇನ್ನೂ ಚೆನ್ನಾಗಿತ್ತು.

ಮೂರು ವರ್ಷದ ಮಗುವಿಗೆ ಎರಡು ವಾಕ್ಯ ಸಾಕು: ‘ಅಮ್ಮನ ಹೊಟ್ಟೆಯಲ್ಲಿ ನಿನಗೆ ಜಾಗ ಇರಲಿಲ್ಲ. ಒಬ್ಬರು ಆಂಟಿ ನಿನ್ನನ್ನು ಅವರ ಹೊಟ್ಟೆಯಲ್ಲಿ ಇಟ್ಟುಕೊಂಡು ಬೆಳೆಸಿಕೊಟ್ಟರು.’ ಆರನೇ ವರ್ಷಕ್ಕೆ ವೈದ್ಯರು, ಲ್ಯಾಬ್ ಕಥೆ ಸೇರಿಸಿ. ಅಂಡಾಣು ಅಥವಾ ವೀರ್ಯ ದಾನಿಯದ್ದಾಗಿದ್ದರೆ ಅದನ್ನೂ ಹೇಳಿ. ಬೆಳೆದ ಮೇಲೆ ಮನೆಯ ಯಾವುದೋ ಜಗಳದಲ್ಲಿ ಇನ್ಯಾರೋ ಬಾಯಿಂದ ಕೇಳಿದರೆ, ಅಪ್ಪ ಅಮ್ಮ ಮುಚ್ಚಿಟ್ಟರು ಅನ್ನುವುದೇ ದೊಡ್ಡ ಗಾಯವಾಗುತ್ತದೆ.

ಇದಕ್ಕಾಗಿ ಇವತ್ತಿನಿಂದಲೇ ಒಂದು ಫೈಲ್ ಮಾಡಿ. ಕೋರ್ಟ್ ಆದೇಶ, ಜನನ ಪತ್ರ, ಒಪ್ಪಂದ, ಭ್ರೂಣದ ವರದಿ, ದಾನಿಯ ವೈದ್ಯಕೀಯ ವಿವರ, ಸ್ಕ್ಯಾನ್ ಚಿತ್ರಗಳು, ಅವಳು ಒಪ್ಪಿದರೆ ಅವಳ ಜೊತೆಗಿನ ಫೋಟೊಗಳು ಅದರಲ್ಲಿರಲಿ. ಅವಳ ವಿಳಾಸ ಬದಲಾದಾಗಲೆಲ್ಲ ತಿದ್ದಿಡಿ. ಫ್ರೀಜ್ ಆಗಿ ಉಳಿದ ಭ್ರೂಣ ಇದ್ದರೆ ಅದನ್ನು ಇಡಬೇಕೇ, ಸಂಶೋಧನೆಗೆ ಕೊಡಬೇಕೇ, ವಿಲೇವಾರಿ ಮಾಡಬೇಕೇ ಅಂತ ಇಬ್ಬರೂ ಕೂತು ಬರೆದು, ಕ್ಲಿನಿಕ್‌ಗೂ ಒಂದು ಪ್ರತಿ ಕೊಡಿ.